ಅಕ್ಷಯ ತೂಣೀರದ ವಿಳಾಸ

ಖಾಂಡವದಹನದ ಕಾಲದಲ್ಲಿ ಅಗ್ನಿಯ ಪ್ರಾರ್ಥನೆಯ ಮೇರೆಗೆ ವರುಣನು ಅರ್ಜುನನಿಗೆ ಗಾಂಡೀವವನ್ನೂ, ಎಷ್ಟು ಬಾಣಗಳನ್ನು ತೆಗೆದರೂ ಬರಿದಾಗದ ಎರಡು ಬತ್ತಳಿಕೆಗಳನ್ನೂ ಕೊಟ್ಟನೆಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಕಥೆ. ಅದೇ ಅರ್ಜುನನು, ಶ್ರೀಕೃಷ್ಣನ ನಿರ್ಯಾಣಾನಂತರ ಯಾದವಸ್ತ್ರೀಯರನ್ನು ದ್ವಾರಕೆಯಿಂದ ಕರೆತರುತ್ತಿದ್ದಾಗ ದಾರಿಗಳ್ಳರು ಮುತ್ತಿಕೊಳ್ಳಲು, ಬಿಲ್ಲಿಗೆ ಹೆದೆಯೇರಿಸುವುದೇ ಪ್ರಯಾಸವಾಗಿ, ಅಸ್ತ್ರಮಂತ್ರಗಳು ಸ್ಮರಣೆಗೆ ಬಾರದೆ, ಅಕ್ಷಯವೆಂದು ಲೋಕವಿಖ್ಯಾತವಾಗಿದ್ದ ಆ ಬತ್ತಳಿಕೆಗಳೂ ಬರಿದಾಗಿಹೋಗಲು ದಿಕ್ಕುಗೆಟ್ಟು ನಿಂತನೆಂದು ಮೌಸಲಪರ್ವವು ಹೇಳುತ್ತದೆ. ಬಿಲ್ಲು ಅದೇ, ಬಿಲ್ಲುಗಾರನೂ ಅವನೇ. ಆದರೆ ಆ ಆಯುಧಗಳು ತಾವು ಬಂದ ಕಾರ್ಯವನ್ನು ಮುಗಿಸಿ ಹಿಂದಿರುಗಿದವೆಂದು ವ್ಯಾಸರು ಅವನಿಗೆ ತಿಳಿಯಹೇಳುತ್ತಾರೆ. ವರವೆಂಬುದು ಒಂದು ಕಾಲಕ್ಕೂ ಒಂದು ಸನ್ನಿವೇಶಕ್ಕೂ ಕಟ್ಟುಬಿದ್ದದ್ದು. ಅವು ಬದಲಾದ ಮೇಲೆ ವರದ ಮಾತು ಅಕ್ಷರಶಃ ಹಾಗೆಯೇ ಉಳಿದಿದ್ದರೂ ಫಲಿಸಲಾರದು. ಈ ಸಂಗತಿಯು ನನ್ನ ಮನಸ್ಸಿಗೆ ಮತ್ತೆ ಹೊಳೆದದ್ದು ಕಳೆದ ಏಪ್ರಿಲ್ ತಿಂಗಳಿನ ಒಂದು ಶುಕ್ರವಾರ, ಡೊಂಬಿವಲಿ ಪೂರ್ವದ ನಮ್ಮ ಮನೆಯಲ್ಲಿ, ಒಂದು ಹಳೆಯ ಎಕ್ಸ್‌ಬಾಕ್ಸ್ 360 ಎಂಬ ಆಟದ ಪೆಟ್ಟಿಗೆಯ ಮುಂದೆ ಕುಳಿತಿದ್ದಾಗ.

ಶುಕ್ರವಾರವೆಂದರೆ ನಮ್ಮ ಡೊಂಬಿವಲಿಯ ಕೈಗಾರಿಕಾ ವಸಾಹತಿಗೆ ವಾರದ ರಜೆ. ವಿದ್ಯುತ್ತಿನವರು ತಂತಿಗಳ ದುರಸ್ತಿಯನ್ನೂ ಪ್ರಾಯಶಃ ಅಂದೇ ಇಟ್ಟುಕೊಳ್ಳುವರು. ಬೆಳಗಿನಿಂದ ಹೋಗಿದ್ದ ಕರೆಂಟು ಮಧ್ಯಾಹ್ನ ಬಂದೊಡನೆ, ರಜೆಯನ್ನು ಕಳೆಯಲೆಂದು ಕಲ್ಯಾಣದಿಂದ ಬಂದಿದ್ದ ನನ್ನ ಸೋದರಳಿಯನು ಪೆಟ್ಟಿಗೆಯನ್ನು ಹಚ್ಚಿ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮುಖ ಬಾಡಿಸಿಕೊಂಡು ನನ್ನ ಬಳಿಗೆ ಬಂದು ನಿಂತನು.

“ಮಾವಾ, ಮೊನ್ನೆ ತನಕ ಗುಂಡು ಮುಗೀತಾನೇ ಇರ್ಲಿಲ್ಲ. ಈಗ ಟ್ರೇನರ್ ಆನ್ ಅಂತಲೇ ತೋರಿಸ್ತದೆ, ಆದ್ರೆ ಗುಂಡು ಖಾಲಿ ಆಗ್ತದೆ. ಎರಡನೇ ಲೆವೆಲ್ಲಿಗೆ ಹೋದ್ರೆ ಹ್ಯಾಂಗ್. ಬಾಕ್ಸ್ ಹಾಳಾಗಿದೆ ಅಂತ ಕಾಣ್ತದೆ, ಲ್ಯಾಮಿಂಗ್ಟನ್ ರೋಡಿಗೆ ತಗೊಂಡು ಹೋಗುವಾ.”

ಲ್ಯಾಮಿಂಗ್ಟನ್ ರೋಡು ನಮ್ಮವರಿಗೆ ಹೊಸದಲ್ಲ. ಡಾಕ್ಟರ್ ಭಡಕಮಕರ್ ಮಾರ್ಗವೆಂಬ ಹೆಸರನ್ನು ಪಡೆದೂ ಹಳೆಯ ಹೆಸರಿನಿಂದಲೇ ಬಾಳುತ್ತಿರುವ ಮುಂಬಯಿಯ ಆ ಬೀದಿಗೆ, ರೇಡಿಯೋ ಬಿಡಿಭಾಗಗಳ ಕಾಲದಿಂದ ಮೊದಲ್ಗೊಂಡು ಇಂದಿನ ವರೆಗೆ, ಕೆಟ್ಟ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಹೋದವರು ಠಾಣೆ, ಡೊಂಬಿವಲಿ, ಕಲ್ಯಾಣಗಳ ಮನೆಮನೆಯಲ್ಲಿಯೂ ಇದ್ದಾರೆ. ಆದರೆ ಕೆಟ್ಟದ್ದು ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳದೆ ಯಂತ್ರವನ್ನು ಹೊತ್ತುಕೊಂಡು ಹೊರಡುವುದು, ಜ್ವರವೋ ಅಜೀರ್ಣವೋ ತಿಳಿಯದೆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಹೋಗಿ ನಿಂತಂತೆ. ನಾನು ಹುಡುಗನಿಗೆ, ಟ್ರೇನರನ್ನು ಪೂರ್ತಿಯಾಗಿ ತೆಗೆದುಹಾಕಿ ಆಟವನ್ನು ಬರಿದೇ ನಡೆಸಿ ನೋಡೆಂದು ಹೇಳಿದೆನು. ಆಟವು ಎರಡನೆಯ ಹಂತವನ್ನೂ ಮೂರನೆಯ ಹಂತವನ್ನೂ ನಿರಾತಂಕವಾಗಿ ದಾಟಿತು. ಪೆಟ್ಟಿಗೆಯು ಆರೋಗ್ಯವಾಗಿಯೇ ಇದೆಯೆಂಬುದು ಅಲ್ಲಿಗೆ ಇತ್ಯರ್ಥವಾಯಿತು. ದೋಷವನ್ನು ಅರಸುವವನು ಮೊಟ್ಟಮೊದಲಿಗೆ ಮಾಡತಕ್ಕದ್ದು ಇದು, ಮತ್ತು ಬಹುಜನರು ಕಟ್ಟಕಡೆಗೆ ಮಾಡುವುದೂ ಇದೇ.

ಈ ವಿದ್ಯೆಯ ಪರಿಚಯವಿಲ್ಲದ ಓದುಗರಿಗಾಗಿ ಟ್ರೇನರ್ ಎಂದರೇನೆಂಬುದನ್ನು ಇಲ್ಲಿ ಹೇಳಬೇಕು. ಆಟವು ನಡೆಯುತ್ತಿರುವಷ್ಟು ಹೊತ್ತು ಅದರ ಸಮಸ್ತ ಲೆಕ್ಕಾಚಾರವೂ, ವೀರನಿಗೆ ಉಳಿದಿರುವ ಪ್ರಾಣವೆಷ್ಟು, ಗುಂಡೆಷ್ಟು, ಕೈಯಲ್ಲಿರುವ ಹಣವೆಷ್ಟು ಎಂಬುದೆಲ್ಲವೂ ಯಂತ್ರದ ಸ್ಮೃತಿಕೋಶದಲ್ಲಿ ಅಂಕಿಗಳಾಗಿ ಕುಳಿತಿರುತ್ತದೆ. ಎಕ್ಸ್‌ಬಾಕ್ಸ್ 360ರ ಸ್ಮೃತಿ 512 ಎಂಬಿ. ಅಂದರೆ 53 ಕೋಟಿಗೂ ಮಿಕ್ಕಿದ ಮನೆಗಳುಳ್ಳ ಒಂದು ಮಹಾಸೌಧ, ಪ್ರತಿಯೊಂದು ಮನೆಗೂ ಒಂದೊಂದು ನಂಬರು, ಪ್ರತಿಯೊಂದರೊಳಗೂ ಒಂದೊಂದು ಪುಟ್ಟ ಸಂಖ್ಯೆ. ಟ್ರೇನರ್ ಎಂಬುದು ಆಟದ ಪಕ್ಕದಲ್ಲಿ ಸದ್ದಿಲ್ಲದೆ ಓಡುತ್ತಿರುವ ಒಂದು ಚಿಕ್ಕ ಕಾರ್ಯಕ್ರಮ. ಅದರಲ್ಲಿ ಬರೆದಿರುವುದು ಇಷ್ಟೇ: ಇಂಥ ನಂಬರಿನ ಮನೆಗೆ ಹೋಗಿ ಇಂಥ ಅಂಕಿಯನ್ನು ಇಟ್ಟು ಬಾ. ಆಟವು ಒಂದು ಗುಂಡನ್ನು ಕಳೆದು 98 ಎಂದು ಬರೆದರೆ, ಟ್ರೇನರು ಮರುಕ್ಷಣವೇ ಹೋಗಿ 99 ಎಂದು ತಿದ್ದಿ ಬರುತ್ತದೆ, ಬತ್ತಳಿಕೆಯು ಅಕ್ಷಯವಾಯಿತು. ಇದಕ್ಕಿಂತ ಬಲವಾದ ಇನ್ನೊಂದು ಉಪಾಯವೂ ಉಂಟು. ಗುಂಡನ್ನು ಕಳೆಯಬೇಕೆಂಬ ಆಜ್ಞೆಯೇ ಸ್ಮೃತಿಯಲ್ಲಿ ಒಂದು ಕಡೆ ಬರೆದಿರುವುದಷ್ಟೆ. ಆ ಆಜ್ಞೆಯನ್ನು ಅಳಿಸಿ ಆ ಸ್ಥಾನದಲ್ಲಿ ‘ಏನೂ ಮಾಡಬೇಡ’ ಎಂಬ ಆಜ್ಞೆಯನ್ನು ಬರೆದುಬಿಡುವುದು. 360ರ ಪ್ರೊಸೆಸರ್ ಪವರ್‌ಪಿಸಿ ವಂಶದ್ದಾದುದರಿಂದ ಅದರ ಭಾಷೆಯಲ್ಲಿ ಈ ನಿಷ್ಕ್ರಿಯಾಜ್ಞೆಯು 60000000 ಎಂಬ ಅಂಕಿ. ಒಮ್ಮೆ ಬರೆದರೆ ಸಾಕು, ಮತ್ತೆ ಮತ್ತೆ ಹೋಗಿ ತಿದ್ದುವ ಶ್ರಮವಿಲ್ಲ.

ಇಲ್ಲಿಯ ಸಮಸ್ತ ಮರ್ಮವೂ ವಿಳಾಸದಲ್ಲಿದೆ. ಈ ಮಾತನ್ನು ಹುಡುಗನಿಗೆ ಮನಗಾಣಿಸುವುದಕ್ಕೆ ನನಗೆ ದೂರದ ದೃಷ್ಟಾಂತವೇನೂ ಬೇಕಾಗಲಿಲ್ಲ, ಕಿಟಕಿಯ ಹೊರಗಿನ ನೋಟವೇ ಸಾಕಾಯಿತು. ಡೊಂಬಿವಲಿಯಲ್ಲಿ ಈಗ ಯಾವ ಗಲ್ಲಿಗೆ ಹೋದರೂ ನಾಲ್ಕು ಮಾಳಿಗೆಯ ಹಳೆಯ ಕಟ್ಟಡವೊಂದು ‘ರೀಡೆವಲಪ್‌ಮೆಂಟಿಗೆ’ ಹೋಗಿ, ಹಸಿರು ಪರದೆಯ ಹಿಂದೆ ನೆಲಸಮವಾಗಿ, ಇಪ್ಪತ್ತು ಮಾಳಿಗೆಯ ಗೋಪುರವಾಗಿ ಏಳುತ್ತಿರುವುದನ್ನು ಕಾಣಬಹುದು. ಹಳೆಯ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ 7ನೆಯ ನಂಬರಿನ ಕೋಣೆಯಲ್ಲಿದ್ದ ಕುಟುಂಬವು ಹೊಸ ಗೋಪುರದಲ್ಲಿ 1103ಕ್ಕೆ ಹೋಗಿರುತ್ತದೆ. 7ನೆಯ ನಂಬರಿನ ಜಾಗದಲ್ಲಿ ಲಿಫ್ಟಿನ ಯಂತ್ರವೋ ನೀರಿನ ಪಂಪೋ ಕುಳಿತಿರುತ್ತದೆ. ಸಂಘದ ಹೆಸರು ಹಳೆಯದೇ, ಗಲ್ಲಿಯೂ ಹಳೆಯದೇ, ಬಾಗಿಲಿನ ಮೇಲಿನ ಫಲಕವೂ ಬದಲಾಗಿಲ್ಲ. ಹಳೆಯ ವಿಳಾಸವನ್ನು ಕಂಠಪಾಠ ಮಾಡಿಕೊಂಡಿರುವ ಅಂಚೆಯವನು ಶ್ರದ್ಧೆಯಿಂದಲೇ ಬಂದು, ಶ್ರದ್ಧೆಯಿಂದಲೇ ಕಾಗದವನ್ನು ತಪ್ಪು ಮನೆಗೆ ಹಾಕಿ ಹೋಗುತ್ತಾನೆ. ನಮ್ಮ ಟ್ರೇನರಿಗೆ ಸಂಭವಿಸಿದ್ದೂ ಅದೇ. ಆಟದ ಹೆಸರು ಅದೇ ಇದ್ದಿತು, ಮುಖಪುಟದ ಚಿತ್ರವೂ ಅದೇ ಇದ್ದಿತು; ಒಳಗಿನ ಕಟ್ಟಡವು ಮಾತ್ರ ಬದಲಾಗಿದ್ದಿತು.

ಬದಲಾದುದು ಹೇಗೆ? ಆಟವನ್ನು ತಯಾರಿಸಿದವರು ಅದು ಮಾರುಕಟ್ಟೆಗೆ ಬಂದ ಮೇಲೆ ಕಂಡುಬಂದ ದೋಷಗಳನ್ನು ಪರಿಹರಿಸಲು ಕಾಲಕಾಲಕ್ಕೆ ಟೈಟಲ್ ಅಪ್‌ಡೇಟ್ ಎಂಬ ತಿದ್ದುಪಡಿಗಳನ್ನು ಹೊರಡಿಸುತ್ತಾರೆ. ತಿದ್ದುಪಡಿಯಲ್ಲಿ ಹತ್ತು ಸಾಲುಗಳ ಆಜ್ಞೆಗಳು ಹೊಸದಾಗಿ ಸೇರಿದರೂ ಅವುಗಳ ಮುಂದಿನ ಮನೆಗಳ ನಂಬರುಗಳೆಲ್ಲ ಮುಂದಕ್ಕೆ ಸರಿಯುತ್ತವೆ. ಹುಡುಗನನ್ನು ವಿಚಾರಿಸಲಾಗಿ, ಮೂರು ದಿನಗಳ ಹಿಂದೆ ಗೆಳೆಯನ ಪೆನ್‌ಡ್ರೈವಿನಿಂದ ತನ್ನ ಸೇವ್ ಫೈಲನ್ನು ತರುವಾಗ ಅದರಲ್ಲಿದ್ದ ಇತರ ಕಡತಗಳನ್ನೂ ಒಟ್ಟಿಗೆ ಇಳಿಸಿಕೊಂಡಿದ್ದನೆಂದು ತಿಳಿದುಬಂದಿತು. ಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಆಟದ ಎಂಟಂಕಿಯ ಹೆಸರಿನ ಕೋಶದೊಳಗೆ 000ಬಿ0000 ಎಂಬ ಉಪಕೋಶವು ಹೊಸದಾಗಿ ಹುಟ್ಟಿಕೊಂಡಿದ್ದಿತು. ಅಪ್‌ಡೇಟುಗಳು ನೆಲಸುವ ಸ್ಥಾನ ಅದು. ಗುಂಡಿನ ಮನೆಯು ಬೇರೆಡೆಗೆ ಹೋಗಿದ್ದುದರಿಂದ ಗುಂಡು ಖಾಲಿಯಾಗುತ್ತಿದ್ದಿತು. ‘ಏನೂ ಮಾಡಬೇಡ’ ಎಂಬ ಆಜ್ಞೆಯು ಎರಡನೆಯ ಹಂತಕ್ಕೆ ಅತ್ಯಗತ್ಯವಾದ ಇನ್ನಾವುದೋ ಆಜ್ಞೆಯ ಮೇಲೆ ಹೋಗಿ ಕುಳಿತುದರಿಂದ ಆಟವು ಅಲ್ಲಿ ಸ್ತಂಭಿಸುತ್ತಿದ್ದಿತು. ಎರಡು ವ್ಯಾಧಿಗಳೆಂದು ಕಂಡದ್ದಕ್ಕೆ ಮೂಲ ಒಂದೇ.

ಆದುದರಿಂದ, ಟ್ರೇನರು ಕೆಲಸ ಮಾಡದಿದ್ದಾಗ ಕೇಳತಕ್ಕ ಪ್ರಥಮ ಪ್ರಶ್ನೆಯು ಆಟದ ನಿಜವಾದ ಹೆಸರೇನು ಎಂಬುದು. ಮನುಷ್ಯರು ಕರೆಯುವ ಹೆಸರು ಯಂತ್ರಕ್ಕೆ ಹೆಸರೇ ಅಲ್ಲ. 360ರಲ್ಲಿ ಆಟವೊಂದರ ಗುರುತು ಮೂರು ಅಂಗಗಳಿಂದ ಕೂಡಿದೆ: ಎಂಟಂಕಿಯ ಟೈಟಲ್ ಐಡಿ, ಡಿಸ್ಕಿನ ಯಾವ ಮುದ್ರಣವೆಂಬುದನ್ನು ತಿಳಿಸುವ ಮೀಡಿಯಾ ಐಡಿ, ಮತ್ತು ಎಷ್ಟನೆಯ ಅಪ್‌ಡೇಟು ಎಂಬ ಸಂಖ್ಯೆ. ಇದನ್ನು ನಮ್ಮ ಊರಿನ ಹೆಸರು, ಮನೆತನದ ಹೆಸರು, ಸ್ವಂತ ಹೆಸರು ಎಂದು ತಿಳಿದುಕೊಳ್ಳಬಹುದು. ಮೂರೂ ಕೂಡಿದಲ್ಲದೆ ಮನುಷ್ಯನು ನಿಶ್ಚಿತನಾಗನು. ಟ್ರೇನರು ನಡೆಯುವಂತೆ ತಯಾರಕರ ಬೀಗವನ್ನು ತೆಗೆದು ಬದಲಾಯಿಸಿದ ಪೆಟ್ಟಿಗೆಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಅರೋರಾ ಎಂಬ ಡ್ಯಾಶ್‌ಬೋರ್ಡಿನಲ್ಲಿ ಆಟದ ವಿವರವನ್ನು ತೆರೆದರೆ ಇವೆಲ್ಲವೂ ಕಾಣುತ್ತವೆ. ಯಾವ ಅಪ್‌ಡೇಟು ಜಾರಿಯಲ್ಲಿರಬೇಕೆಂಬುದನ್ನು ಆಟಕ್ಕೊಂದರಂತೆ ಆರಿಸುವ ಅನುಕೂಲವೂ ಅಲ್ಲಿಯೇ ಇದೆ. ನಾವು ಹೊಸ ಅಪ್‌ಡೇಟನ್ನು ಕೈಬಿಟ್ಟೆವು. ಟ್ರೇನರನ್ನು ಮರಳಿ ಹಚ್ಚಿದೆವು. ಗುಂಡು ಮುಗಿಯುವುದು ನಿಂತಿತು. ಹುಡುಗನು ಕೂಗಿದ ಕೂಗಿಗೆ ಅಡಿಗೆಮನೆಯಿಂದ ಅವನ ಅತ್ತೆಯು ಹೊರಗೆ ಬಂದಳು.

ಕೆಲಸವೇನೋ ಆಯಿತು, ಆದರೆ ವಿಷಯವು ಅಷ್ಟಕ್ಕೇ ಮುಗಿಯುವಂಥದಲ್ಲ. ಮಾರನೆಯ ದಿನ ಅವನು ಇನ್ನೊಂದು ಆಟಕ್ಕೆ ಇನ್ನೊಂದು ಟ್ರೇನರನ್ನು ಹಚ್ಚಿದನು. ಮೂರು ಗುರುತುಗಳೂ ಸರಿಯಾಗಿದ್ದವು, ಆದರೂ ಆಟವು ಮೊದಲ ಪುಟದಲ್ಲಿಯೇ ಕುಸಿದು ಬೀಳುತ್ತಿದ್ದಿತು. ಈ ಸಲ ತಪ್ಪಿದ್ದು ಕಾಲ. ಎಲ್ಲ ಮನೆಗಳೂ ಕಟ್ಟಡದಲ್ಲಿ ಸದಾಕಾಲ ಇರತಕ್ಕವಲ್ಲ. ಆಟವು ಒಂದು ಹಂತವನ್ನು ಪ್ರವೇಶಿಸುವಾಗ ಅಗತ್ಯವಿದ್ದಷ್ಟು ಸ್ಥಳವನ್ನು ಆಗಿಂದಾಗಲೇ ಬಾಡಿಗೆಗೆ ಹಿಡಿದು, ಹಂತವು ಮುಗಿದೊಡನೆ ಬಿಟ್ಟುಕೊಡುತ್ತದೆ. ಇವತ್ತು ವೀರನ ಪ್ರಾಣವು ಕುಳಿತ ಮನೆಯಲ್ಲಿ ನಾಳೆ ಒಂದು ಮರದ ನೆರಳು ಕುಳಿತಿರಬಹುದು. ಹೀಗಿರುವುದರಿಂದ ಒಳ್ಳೆಯ ಟ್ರೇನರುಗಳು ಮನೆಯ ನಂಬರನ್ನು ಇಟ್ಟುಕೊಳ್ಳುವುದಿಲ್ಲ. ಗೇಟಿನಲ್ಲಿ ಕುಳಿತ ವಾಚ್‌ಮನ್ನನ ರಿಜಿಸ್ಟರು ಎಲ್ಲಿದೆಯೆಂಬುದನ್ನು ಇಟ್ಟುಕೊಳ್ಳುತ್ತವೆ. ರಿಜಿಸ್ಟರಿನಲ್ಲಿ ನೋಡಿದರೆ, ವಿಂಗಿನ ಕಾರ್ಯದರ್ಶಿಯನ್ನು ಕೇಳೆಂದು ಬರೆದಿರುತ್ತದೆ. ಕಾರ್ಯದರ್ಶಿಯ ಪುಸ್ತಕದಲ್ಲಿ ನೋಡಿದರೆ, ಇವತ್ತಿನ ಬಾಡಿಗೆದಾರನು ಇಂಥಲ್ಲಿದ್ದಾನೆಂದು ಬರೆದಿರುತ್ತದೆ. ಪಾಯಿಂಟರ್ ಎಂದು ಬಲ್ಲವರು ಕರೆಯುವುದು ಈ ಸೂಚನಾಸರಣಿಯನ್ನೇ. ಆಟದ ಮೊದಲ ಪುಟದಲ್ಲಿ, ಬಾಡಿಗೆದಾರನು ಇನ್ನೂ ಬಂದೇ ಇಲ್ಲದಿರುವಾಗ, ಟ್ರೇನರು ರಿಜಿಸ್ಟರನ್ನು ತೆರೆದರೆ ಅಲ್ಲಿ ಸೊನ್ನೆಯಿರುತ್ತದೆ. ಸೊನ್ನೆಯನ್ನೇ ವಿಳಾಸವೆಂದು ನಂಬಿ ಅಲ್ಲಿಗೆ ಬರೆಯಹೋದರೆ ಆಟವು ಕುಸಿಯುತ್ತದೆ. ಹಂತದೊಳಗೆ ಪ್ರವೇಶಿಸಿ, ವೀರನು ನಾಲ್ಕು ಹೆಜ್ಜೆ ನಡೆದ ಬಳಿಕ ಟ್ರೇನರನ್ನು ಜಾರಿಗೊಳಿಸಿದೆವು. ಆಟವು ತಡೆಯಿಲ್ಲದೆ ಸಾಗಿತು.

ಒಂದಕ್ಕಿಂತ ಹೆಚ್ಚು ವರಗಳನ್ನು ಒಮ್ಮೆಗೇ ಬೇಡುವುದರಿಂದಲೂ ತೊಡಕು ಬರುವುದುಂಟು. ಎರಡು ಟ್ರೇನರುಗಳು ಒಂದೇ ಮನೆಯ ಬಾಗಿಲಲ್ಲಿ ಎದುರಾಗಬಹುದು. ಎಲ್ಲವನ್ನೂ ಆರಿಸಿ, ಒಂದೊಂದನ್ನೇ ಹಚ್ಚುತ್ತ ಬಂದರೆ ಕಲಹಪ್ರಿಯನು ಯಾವನೆಂಬುದು ತಾನಾಗಿಯೇ ತಿಳಿಯುತ್ತದೆ.

ಅಂಕಿಗಳ ವಿಚಾರದಲ್ಲಿ ಮಾತ್ರ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಇಲ್ಲಿ ನಮ್ಮ ಹಿರಿಯರ ಒಂದು ಸಂಪತ್ತು ಅನಿರೀಕ್ಷಿತವಾಗಿ ಸಹಾಯಕ್ಕೆ ಬಂದಿತು. ಸ್ವತಃ ಅಂಕಿಯನ್ನು ಬರೆಯಬೇಕಾದ ಒಂದು ಪಟ್ಟಿಯಲ್ಲಿ ಹುಡುಗನು 99 ಗುಂಡುಗಳಿರಲೆಂದು 99 ಎಂದೇ ಬರೆದಿದ್ದನು. ತೆರೆಯ ಮೇಲೆ 153 ಎಂದು ಬಂದಿತು. ಇದೇನು ಮಾಯೆ ಎಂದು ಅವನು ಬೆರಗಾದನು. ಇಂಥ ಪಟ್ಟಿಯಲ್ಲಿ ಅಂಕಿಯನ್ನು ಬರೆಯುವುದು ಹತ್ತರ ಲೆಕ್ಕದಲ್ಲಲ್ಲ, ಹದಿನಾರರ ಲೆಕ್ಕದಲ್ಲಿ ಎಂದು ಹೇಳಿದರೆ ಅವನಿಗೆ ಅದು ಪಾಠಪುಸ್ತಕದ ಮಾತಾಗಿ ಕೇಳಿಸಿತು. ಆಗ ನನಗೆ ನನ್ನ ತಂದೆಯವರ ನೆನಪಾಯಿತು. ಹಗಲೆಲ್ಲ ಮುಂಬಯಿಯ ಕೋಟೆ ಪ್ರದೇಶದ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ವಿದ್ಯೆ ಕಲಿತ ಆ ತಲೆಮಾರಿನ ನೂರಾರು ಮಂದಿಯಲ್ಲಿ ಅವರೂ ಒಬ್ಬರು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿಯು ಬರುವ ವರೆಗೆ ಅವರು ಗಿರಾಕಿಗಳ ಲೆಕ್ಕವನ್ನು ಮಾಡಿದ್ದೆಲ್ಲ ಹದಿನಾರರಲ್ಲಿಯೇ: ಹದಿನಾರು ಆಣೆಗೆ ಒಂದು ರೂಪಾಯಿ. ನಮ್ಮ ಹಳೆಯ ಮಗ್ಗಿಗಳ ವೀಸವೆಂಬುದೂ ಹದಿನಾರರಲ್ಲಿ ಒಂದಂಶವೇ.

ನಾನು ಹುಡುಗನಿಗೆ ಹೇಳಿದೆನು: “99 ಆಣೆ ಅಂದ್ರೆ ಎಷ್ಟು ರೂಪಾಯಿ, ಎಷ್ಟು ಆಣೆ? ಲೆಕ್ಕ ಹಾಕು ನೋಡುವಾ.”

ಅವನು ಬೆರಳು ಮಡಿಸಿ, “ಆರು ರೂಪಾಯಿ ಮೂರು ಆಣೆ” ಎಂದನು.

“ಹಾಗಾದ್ರೆ 63 ಅಂತ ಬರೆ.”

ಬರೆದನು, ತೆರೆಯ ಮೇಲೆ 99 ಎಂದು ಬಂದಿತು. ಅವನು ಮೊದಲು ಬರೆದ 99ನ್ನು ಯಂತ್ರವು ಒಂಬತ್ತು ರೂಪಾಯಿ ಒಂಬತ್ತು ಆಣೆಯೆಂದು ಓದಿ 153 ಆಣೆಗಳನ್ನು ಎಣಿಸಿಕೊಟ್ಟಿದ್ದಿತು. ಹತ್ತರಿಂದ ಹದಿನೈದರ ವರೆಗಿನ ಆಣೆಗಳಿಗೆ ಒಂಟಿ ಅಂಕಿಯಿಲ್ಲದ ಕಾರಣ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳನ್ನು ಇಟ್ಟುಕೊಂಡಿದ್ದಾರೆ. ಹದಿನೈದು ರೂಪಾಯಿ ಹದಿನೈದು ಆಣೆ ಎಂದರೆ ಎಫ್‌ಎಫ್, ಅಂದರೆ 255. ಸ್ಮೃತಿಯ ಒಂದು ಮನೆಯೊಳಗೆ ಹಿಡಿಸುವ ಅತಿದೊಡ್ಡ ಸಂಖ್ಯೆ ಇದೇ. ಇದರ ಮೇಲೆ ಒಂದನ್ನು ಕೂಡಿಸಿದರೆ ಮನೆಯು ತುಂಬಿ ಹೊರಳಿ ಸೊನ್ನೆಯಾಗುತ್ತದೆ. ನಾಲ್ಕು ಮನೆಗಳನ್ನು ಕೂಡಿಸಿ ಇಟ್ಟ ಹಣದ ಲೆಕ್ಕದಲ್ಲಿ, ಋಣಸಂಖ್ಯೆಗೂ ಅವಕಾಶವಿಟ್ಟಿದ್ದರೆ, ಪರಮಾವಧಿಯು 2,14,74,83,647. ಇದಕ್ಕಿಂತ ಹೆಚ್ಚನ್ನು ಬಯಸಿ ಎಂಟೂ ಸ್ಥಾನಗಳಲ್ಲಿ ಎಫ್ ಅಕ್ಷರವನ್ನು ತುಂಬಿದವನು ಕುಬೇರನಾಗುವುದಿಲ್ಲ. ಯಂತ್ರವು ಅದನ್ನು ಋಣ ಒಂದು ಎಂದು ಓದುತ್ತದೆ, ಅವನು ಒಂದು ರೂಪಾಯಿಯ ಸಾಲಗಾರನಾಗುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ, ಅದು ನಮ್ಮ ಠಾಣೆ ಜಿಲ್ಲೆಯ ಕನ್ನಡದ ಮಕ್ಕಳಿಗೆ ಹೇಳಿಕೊಡದೆಯೂ ತಿಳಿದಿರುವಂಥದು. ಮನೆಯಲ್ಲಿ ನಾವು ‘ಇಪ್ಪತ್ತೈದು’ ಎನ್ನುತ್ತೇವೆ: ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಬೀದಿಗಿಳಿದೊಡನೆ ತರಕಾರಿಯವನು ಮರಾಠಿಯಲ್ಲಿ ‘ಪಂಚವೀಸ್’ ಎನ್ನುತ್ತಾನೆ: ಐದು ಮೊದಲು, ಇಪ್ಪತ್ತು ಆಮೇಲೆ. ಬೆಲೆ ಒಂದೇ, ಹೇಳುವ ಕ್ರಮ ತಿರುಗುಮುರುಗು. ಯಂತ್ರಗಳಲ್ಲಿಯೂ ಈ ಎರಡು ಸಂಪ್ರದಾಯಗಳಿವೆ. ಸಂಖ್ಯೆಯು ಎರಡು ಮನೆಗಳಷ್ಟು ದೊಡ್ಡದಾದಾಗ 360 ದೊಡ್ಡ ಭಾಗವನ್ನು ಮೊದಲ ಮನೆಯಲ್ಲಿಡುತ್ತದೆ, ಕನ್ನಡದವರಂತೆ. ನಮ್ಮ ಮೇಜಿನ ಮೇಲಿನ ಕಂಪ್ಯೂಟರು ಚಿಕ್ಕ ಭಾಗವನ್ನು ಮೊದಲಿಡುತ್ತದೆ, ಮರಾಠಿಯವರಂತೆ. ಕಂಪ್ಯೂಟರಿಗೆಂದು ಬರೆದ ಪಟ್ಟಿಯನ್ನು ನೋಡಿ 360ರಲ್ಲಿ ನೂರು ಪ್ರಾಣಗಳನ್ನು ಬರೆಯಹೊರಟರೆ ಅದು 25,600 ಆಗುತ್ತದೆ. ಅಂಕಿಯು ವಿಪರೀತ ದೊಡ್ಡದಾಗಿಯೋ ಅರ್ಥವಿಲ್ಲದ್ದಾಗಿಯೋ ಕಂಡಾಗ ಕ್ರಮವು ತಿರುಗಿದೆಯೇ ಎಂದು ಶಂಕಿಸತಕ್ಕದ್ದು.

ಈ ವಿಳಾಸದ ತಾಪತ್ರಯವು ಇಂದು ನಿನ್ನೆಯದಲ್ಲ. ನನ್ನ ಮಗನು ಶಾಲೆಯಲ್ಲಿದ್ದಾಗ ಚಿಪ್ ಹಾಕಿಸಿದ ಪಿಎಸ್2 ಎಂಬ ಪೆಟ್ಟಿಗೆಯು ಡೊಂಬಿವಲಿಯ ಬಹಳ ಮನೆಗಳಲ್ಲಿದ್ದಿತು. ಅದರ ಸ್ಮೃತಿ ಕೇವಲ 32 ಎಂಬಿ. ಕೋಡ್‌ಬ್ರೇಕರ್ ಎಂಬ, ಟ್ರೇನರಿನ ಕೆಲಸವನ್ನೇ ಮಾಡುವ ಚೀಟ್ ಡಿಸ್ಕನ್ನು ಮೊದಲು ಹಾಕಿ, ಎಂಟೆಂಟಂಕಿಯ ಎರಡೆರಡು ಗುಂಪುಗಳ ಕೋಡುಗಳನ್ನು ಕೈಯಿಂದ ಒತ್ತಿ ತುಂಬಿ, ಆಮೇಲೆ ಆಟದ ಡಿಸ್ಕನ್ನು ಹಾಕುತ್ತಿದ್ದರು. 2004ರಲ್ಲಿ ಹೊರಬಂದ ಗ್ರ್ಯಾಂಡ್ ಥೆಫ್ಟ್ ಆಟೋ ಸ್ಯಾನ್ ಆಂಡ್ರಿಯಾಸ್ ಎಂಬ ಪ್ರಸಿದ್ಧ ಆಟದ ಅಮೆರಿಕದ ಡಿಸ್ಕಿನ ಗುರುತು ಎಸ್‌ಎಲ್‌ಯುಎಸ್ 20946, ಯೂರೋಪಿನದು ಎಸ್‌ಎಲ್‌ಇಎಸ್ 52541. ಒಂದರ ಕೋಡು ಇನ್ನೊಂದರಲ್ಲಿ ಫಲಿಸುತ್ತಿರಲಿಲ್ಲ. ಮಕ್ಕಳು ನೋಟುಬುಕ್ಕಿನಲ್ಲಿ ಅಂದವಾಗಿ ನಕಲು ಮಾಡಿಕೊಂಡ ಪುಟಗಟ್ಟಲೆ ಸಂಖ್ಯೆಗಳು ವ್ಯರ್ಥವಾದುದಕ್ಕೆ ಕಾರಣವು ಆ ನಾಲ್ಕಕ್ಷರದ ಭೇದವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಾಸ್ಟರ್ ಕೋಡನ್ನು ಮೊದಲು ಹಚ್ಚದಿದ್ದರೆ ಉಳಿದ ಯಾವುದೂ ನಡೆಯದೆಂಬುದನ್ನೂ, ಒಂದು ಕಂಪನಿಯ ಚೀಟ್ ಡಿಸ್ಕಿಗಾಗಿ ಗೂಢಲಿಪಿಯಲ್ಲಿ ಬರೆದ ಕೋಡು ಮತ್ತೊಂದರ ಡಿಸ್ಕಿಗೆ ಅರ್ಥವಾಗದೆಂಬುದನ್ನೂ ಅವರು ಪೆಟ್ಟು ತಿಂದೇ ಕಲಿತರು. ಆ ಕಾಲದಲ್ಲಿ ನಮ್ಮ ಕಡೆ ಲೋಡ್‌ಶೆಡಿಂಗಿನ ಹಾವಳಿಯೂ ಇದ್ದಿತು. ಸೇವ್ ಆಗುತ್ತಿರುವಾಗಲೇ ಕರೆಂಟು ಹೋಗಿ ಮೆಮೊರಿ ಕಾರ್ಡು ಕೆಟ್ಟರೆ ಆ ಅಪವಾದವನ್ನು ಚೀಟಿನ ತಲೆಗೇ ಕಟ್ಟುತ್ತಿದ್ದರು.

ಇಂಥ ಕಪಟವನ್ನು ಮಕ್ಕಳಿಗೆ ಕಲಿಸುವುದು ಯುಕ್ತವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚೀಟಿನ ಮೂಲವನ್ನು ನೋಡಿದರೆ ಅದು ಕಪಟಕ್ಕಾಗಿ ಹುಟ್ಟಿದ್ದಲ್ಲ. ಜಪಾನಿನ ಕೊನಾಮಿ ಸಂಸ್ಥೆಯಲ್ಲಿದ್ದ ಕಝುಹಿಸಾ ಹಷಿಮೋಟೋ ಎಂಬವರು 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ, ಅದು ತಮ್ಮಿಂದಲೇ ಆಡಿ ಮುಗಿಸಲಾರದಷ್ಟು ಕಠಿಣವಾದುದರಿಂದ, ಪರೀಕ್ಷೆಯ ಅನುಕೂಲಕ್ಕೆ ಗುಂಡಿಗಳ ಒಂದು ಗುಪ್ತಕ್ರಮವನ್ನು ಸೇರಿಸಿದರು. ಅದೇ ಮುಂದೆ ಜಗತ್ತಿನ ಮಕ್ಕಳೆಲ್ಲ ಬಾಯಿಪಾಠ ಮಾಡಿದ ಕೊನಾಮಿ ಕೋಡು. ನ್ಯಾಯಾಲಯಗಳೂ ಈ ವಿಚಾರವನ್ನು ಪರಿಶೀಲಿಸಿವೆ. ಗೇಮ್ ಜೀನಿ ಎಂಬ ಚೀಟ್ ಉಪಕರಣದ ಕುರಿತು ನಿಂಟೆಂಡೋ ಸಂಸ್ಥೆಯೊಡನೆ ನಡೆದ ವ್ಯಾಜ್ಯದಲ್ಲಿ, ಕೊಂಡ ಆಟವನ್ನು ಮನೆಯಲ್ಲಿ ಬದಲಿಸಿ ಆಡುವುದರಿಂದ ಹೊಸ ಕೃತಿಯೇನೂ ಹುಟ್ಟುವುದಿಲ್ಲವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವು 1992ರಲ್ಲಿ ತೀರ್ಪಿತ್ತಿತು. ಸೋನಿ ಮತ್ತು ಡೇಟೆಲ್ ಕಂಪನಿಗಳ ನಡುವಣ ವ್ಯಾಜ್ಯದಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು 2024ರ ಅಕ್ಟೋಬರ್ 17ರಂದು, ಆಟ ನಡೆಯುವಾಗ ಸ್ಮೃತಿಯಲ್ಲಿ ಕುಳಿತಿರುವ ಚರಸಂಖ್ಯೆಗಳನ್ನು ಮಾತ್ರ ಬದಲಿಸಿ, ಕಾರ್ಯಕ್ರಮದ ಸಂಕೇತವನ್ನು ಮುಟ್ಟದಿದ್ದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗದೆಂದು ಹೇಳಿತು. 99ನ್ನು ಇಟ್ಟು ಬರುವ ಅಂಚೆಯವನಿಗೆ ಈ ಮಾತು ಅನ್ವಯಿಸುತ್ತದೆ. ಆಜ್ಞೆಯನ್ನೇ ಅಳಿಸುವ ಎರಡನೆಯ ಉಪಾಯವು ಅದರೊಳಗೆ ಬರುವುದಿಲ್ಲ.

ಪೆಟ್ಟಿಗೆಯ ಬೀಗವನ್ನು ತೆಗೆಯುವುದು ಬೇರೊಂದು ಪ್ರಶ್ನೆ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸುವವನಿಗೆ ಎರಡು ವರ್ಷಗಳ ವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಕಾಯಿದೆಯು ನಿಷೇಧಿಸದ ಉದ್ದೇಶಕ್ಕೆ ಹಾಗೆ ಮಾಡುವುದಕ್ಕೆ ಅಡ್ಡಿಯಿಲ್ಲವಾದರೂ, ಇನ್ನೊಬ್ಬರಿಗಾಗಿ ಅದನ್ನು ಮಾಡಿಕೊಡುವವನು ಅವರ ಹೆಸರು, ವಿಳಾಸ, ಉದ್ದೇಶಗಳನ್ನು ದಾಖಲಿಸಿಡತಕ್ಕದ್ದು. ಆಟಗಳ ಕಳ್ಳಪ್ರತಿಗಳನ್ನು ಹಾರ್ಡ್ ಡಿಸ್ಕಿಗೆ ತುಂಬಿಕೊಡುವ ವ್ಯಾಪಾರವನ್ನು ನಾನು ಸಮರ್ಥಿಸಲಾರೆನು. ಅದು ಒಬ್ಬ ದುಡಿಮೆಗಾರನ ಕೂಲಿಯನ್ನು ಅಪಹರಿಸಿದಂತೆ. ಅಂತೆಯೇ ಬೇರೆ ಮನುಷ್ಯರೊಡನೆ ಜಾಲದ ಮೂಲಕ ಆಡುವಾಗ ಟ್ರೇನರನ್ನು ಹಚ್ಚುವುದು ನಿಸ್ಸಂದೇಹವಾಗಿ ಅನ್ಯಾಯ. ಎದುರಿಗಿರುವವನು ನಿಯಮವನ್ನು ನಂಬಿ ಕುಳಿತಿದ್ದಾನೆ. ಅವನಿಗೆ ಹೇಳದೆ ದಾಳದಲ್ಲಿ ಸೀಸ ತುಂಬಿದರೆ ಅದು ಶಕುನಿಯ ಕೆಲಸ. ಟ್ರೇನರಿರುವ ಪೆಟ್ಟಿಗೆಗೆ ಜಾಲದ ತಂತಿಯನ್ನೇ ಹಚ್ಚಬಾರದೆಂಬುದು ನಮ್ಮ ಮನೆಯ ಕಟ್ಟಳೆ.

ಟ್ರೇನರಿನದಲ್ಲದ ದೋಷಗಳ ಬಗೆಗೂ ಎರಡು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಅಂಗಡಿಗಳಲ್ಲಿ ಬದಲಾಯಿಸಿದ 360ನ್ನೆಲ್ಲ ‘ಜೆಟ್ಯಾಗ್’ ಎಂದೇ ಕರೆಯುತ್ತಾರೆ. ಆದರೆ 2009ರ ಆ ಮಾರ್ಗವು ಹಳೆಯ ತಂತ್ರಾಂಶವುಳ್ಳ ಪೆಟ್ಟಿಗೆಗಳಿಗೆ ಮಾತ್ರ ಸಲ್ಲುವಂಥದು. ಬಳಕೆಯಲ್ಲಿರುವ ಬಹಳಷ್ಟು ಪೆಟ್ಟಿಗೆಗಳು, 2011ರಲ್ಲಿ ಗ್ಲಿಗ್ಲಿ ಎಂಬ ಗುಪ್ತನಾಮದವರು ಪ್ರಕಟಿಸಿದ ರೀಸೆಟ್ ಗ್ಲಿಚ್ ಮಾರ್ಗದವು. ಯಂತ್ರವು ಏಳುವಾಗ ತನ್ನ ತಂತ್ರಾಂಶದ ಮುದ್ರೆಯನ್ನು ತಾಳೆ ನೋಡುವ ಕ್ಷಣದಲ್ಲಿ ಪ್ರೊಸೆಸರಿನ ಓಟವನ್ನು ನಿಧಾನಗೊಳಿಸಿ, ರೀಸೆಟ್ ತಂತಿಗೆ ಅತ್ಯಲ್ಪ ಕಾಲದ ಒಂದು ಸ್ಪಂದನವನ್ನು ಕೊಟ್ಟರೆ ತಾಳೆಯು ಸರಿಯಾಯಿತೆಂದು ಅದು ಭ್ರಮಿಸುತ್ತದೆ. ಪ್ರತಿಸಲವೂ ಈ ಸ್ಪಂದನವು ಗುರಿಗೆ ತಾಗುವುದಿಲ್ಲ. ತಾಗುವ ವರೆಗೆ ಪುನಃ ಪುನಃ ಪ್ರಯತ್ನ ನಡೆಯುತ್ತದೆ. ಆದುದರಿಂದ ಪೆಟ್ಟಿಗೆಯು ಏಳಲು ಅರ್ಧ ನಿಮಿಷವೋ ಒಂದು ನಿಮಿಷವೋ ಹಿಡಿದರೆ ಗಾಬರಿಯಾಗಿ ಸ್ವಿಚ್ಚನ್ನು ಆರಿಸಬಾರದು. ಬೇಸಗೆಯ ಮಧ್ಯಾಹ್ನದಲ್ಲಿ ಬಿಸಿಯಿಂದ ನಿಂತುಹೋಗುವ ಯಂತ್ರಕ್ಕೆ ಗಾಳಿ ಬೇಕು. ಟ್ರೇನರನ್ನು ಹಚ್ಚುವ ಮುನ್ನ ಸೇವ್ ಫೈಲಿನ ಒಂದು ಪ್ರತಿಯನ್ನು ಬೇರೆಡೆ ಇಡಬೇಕು. ಕೆಟ್ಟ ಸ್ಥಿತಿಯನ್ನೇ ಆಟವು ತಾನಾಗಿ ಸೇವ್ ಮಾಡಿಕೊಂಡರೆ ಬಳಿಕ ಟ್ರೇನರನ್ನು ತೆಗೆದರೂ ಪ್ರಯೋಜನವಿಲ್ಲ.

ಹುಡುಗನು ಈಗ ಒಂದು ನೂರು ಪುಟದ ನೋಟುಬುಕ್ಕನ್ನು ಇಟ್ಟುಕೊಂಡಿದ್ದಾನೆ. ಪ್ರತಿ ಆಟಕ್ಕೂ ಒಂದು ಪುಟ: ಟೈಟಲ್ ಐಡಿ, ಮೀಡಿಯಾ ಐಡಿ, ಅಪ್‌ಡೇಟಿನ ಸಂಖ್ಯೆ, ಟ್ರೇನರನ್ನು ಯಾವಾಗ ಹಚ್ಚಬೇಕು ಎಂಬ ಟಿಪ್ಪಣಿ. ಕಲ್ಯಾಣಕ್ಕೆ ಹಿಂದಿರುಗಿದ ಮೇಲೆ ಅವನ ಗೆಳೆಯರಿಬ್ಬರು ಬಾಕ್ಸ್ ಹಾಳಾಗಿದೆಯೆಂದು ಬಂದಾಗ ಅವನು ಆ ಪುಸ್ತಕವನ್ನು ತೆರೆದು ಕುಳಿತನೆಂದು ನನ್ನ ತಂಗಿಯು ಫೋನಿನಲ್ಲಿ ಹೇಳಿದಳು.

ಈ ಯಂತ್ರದ ತಯಾರಿಕೆಯು 2016ರಲ್ಲಿಯೇ ನಿಂತಿತು. ಅದರ ಆಟಗಳ ಅಂಗಡಿಯೂ 2024ರ ಜುಲೈ 29ರಂದು ಮುಚ್ಚಿತು. ಠಾಣೆಯಲ್ಲಿಯೋ ವಾಶಿಯಲ್ಲಿಯೋ ಕಲ್ಯಾಣದಲ್ಲಿಯೋ ನಿಮ್ಮ ಮನೆಯ ಕಪಾಟಿನಲ್ಲಿ ಬದಲಾಯಿಸಿದ 360 ಒಂದು ಇದ್ದರೆ, ಮಳೆಗಾಲದ ತೇವವು ಹಿಡಿಯುವುದಕ್ಕೆ ಮುನ್ನ ಅದನ್ನೊಮ್ಮೆ ಹಚ್ಚಿ, ಅದರ ತಂತ್ರಾಂಶವಿರುವ ನ್ಯಾಂಡ್ ಸ್ಮೃತಿಯ ಒಂದು ಪ್ರತಿಯನ್ನು ಎರಡು ಕಡೆ ತೆಗೆದಿಡಿರಿ. ಆ ತಂತ್ರಾಂಶಕ್ಕೆ ಬೀಗದ ಕೈಯಾದ 32 ಅಂಕಾಕ್ಷರಗಳ ಸಿಪಿಯು ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಪ್ರತಿಯೊಂದು ಪೆಟ್ಟಿಗೆಗೂ ಆ ಕೀ ಬೇರೆಯದು. ಅದು ಕಳೆದುಹೋಗಿ ತಂತ್ರಾಂಶವು ಕೆಟ್ಟರೆ ಆ ಪೆಟ್ಟಿಗೆಯನ್ನು ಎಬ್ಬಿಸುವುದು ಬಹಳ ಕಷ್ಟ.